ಬೇಗ ಬಂದರೂ ದಂಡ

ನನಗೊಂದು ರೋಗವಿದೆ. ಕೆಟ್ಟದ್ದು ಸರಿಹೋದರೆ ಸಾಲದು, ಯಾಕೆ ಕೆಟ್ಟಿತೆಂದು ಗೊತ್ತಾಗಬೇಕು. ಗ್ಯಾರೇಜಿನಲ್ಲಿ ಈ ರೋಗಕ್ಕೆ ಬೆಲೆಯಿಲ್ಲ. ಗಾಡಿ ಚಾಲೂ ಆದರೆ ಗಿರಾಕಿಗೆ ಅಷ್ಟೇ ಸಾಕು. ಮನೆಯಲ್ಲಂತೂ ಇನ್ನೂ ಕಷ್ಟ. ರಿಪೇರಿಯಾಗಿ ಚೆನ್ನಾಗಿ ತಿರುಗುತ್ತಿದ್ದ ಮಿಕ್ಸರನ್ನು ಮತ್ತೆ ಬಿಚ್ಚಿ ಕೂತದ್ದಕ್ಕೆ ಹೆಂಡತಿಯ ಕೈಯಿಂದ ಚಟ್ನಿಯಿಲ್ಲದ ರೊಟ್ಟಿ ತಿಂದವನು ನಾನು. ನಿವೃತ್ತನಾದ ಮೇಲೆ ಉಗುರಿನೊಳಗಿನ ಗ್ರೀಸು ಹೋಯಿತು, ರೋಗ ಹೋಗಲಿಲ್ಲ.

ಈಗ ಈ ಕಸುಬಿಗೆ ಬರುವ ಹುಡುಗರು ಗಾಡಿಗೆ ವೈರು ಚುಚ್ಚಿ ಪರದೆ ನೋಡುತ್ತಾರೆ. ನಾವು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿ ಕೇಳುತ್ತಿದ್ದೆವು. ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಪರದೆಯೇ ಖಚಿತ, ನಮ್ಮ ಕಿವಿ ಎಷ್ಟೋ ಸಲ ಮೋಸ ಮಾಡಿದೆ. ಆದರೆ ಗಾಡಿಯ ಪಕ್ಕದಲ್ಲಿ ಯಾವಾಗಲೂ ಮನುಷ್ಯರು ನಿಂತಿರುತ್ತಾರೆ. ಅವರು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಕೇಳಿಸಿಕೊಳ್ಳುವ ಯಂತ್ರ ಇನ್ನೂ ಬಂದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ಕೆರೂರು. ಬಾಗಲಕೋಟೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು, ಎಪ್ಪತ್ತರ ದಶಕದಲ್ಲಿ ಇಳಕಲ್ಲಿಗೆ ಬಂದೆ. ಆಗ ನಾವೆಲ್ಲ ಇನ್ನೂ ವಿಜಾಪುರ ಜಿಲ್ಲೆಯವರು. ಇಳಕಲ್ಲಿನ ಕೆಂಪು ಕಲ್ಲಿಗೆ ಬೇಡಿಕೆ ಏರುತ್ತಿದ್ದ ಕಾಲ ಅದು. ವೀರಬಸಪ್ಪ ಸಾಹುಕಾರರಿಗೆ ಒಂದು ಕ್ವಾರಿ, ಕಲ್ಲು ಸಾಗಿಸಲು ಲಾರಿಗಳು, ಆ ಲಾರಿಗಳಿಗೆಂದು ಹುನಗುಂದ ರಸ್ತೆಯಲ್ಲಿ ಒಂದು ವರ್ಕ್‌ಶಾಪು ಇದ್ದವು. ಅಲ್ಲಿ ನಾನು ಹೆಡ್ ಮೆಕ್ಯಾನಿಕ್. ಸಾಹುಕಾರರು ಧಾರಾಳಿ, ನಗುಮುಖದವರು, ಆದರೆ ವಿಪರೀತ ಗಡಿಬಿಡಿ. ಊಟದ ತಾಟಿನ ಮುಂದೆ ಕೂತಲ್ಲಿಂದಲೇ ಡ್ರೈವರನನ್ನು ಕೂಗಿ ಗಾಡಿ ಚಾಲೂ ಮಾಡಿಸಿ ಇಡುತ್ತಿದ್ದರು. ಅವರು ಕೊನೆಯ ತುತ್ತು ನುಂಗುವುದರೊಳಗೆ ಅರ್ಧ ಊರು ಹೊಗೆ ಕುಡಿದಿರುತ್ತಿತ್ತು.

ಅವರ ಖಾಸಾ ಡ್ರೈವರ್ ಹುಸೇನಸಾಬ. ಎತ್ತರದ ಆಳು, ಮೀಸೆಗೆ ದಿನವೂ ಎಣ್ಣೆ, ತನ್ನ ಡ್ರೈವಿಂಗಿನ ಬಗ್ಗೆ ತಾನೇ ಹೊಗಳಿಕೊಳ್ಳುವ ಚಟ. ಒಂದು ಮಧ್ಯಾಹ್ನ ಹುನಗುಂದ ದಾಟಿ ಇಳಕಲ್ಲಿಗೆ ಬರುವಾಗ, ಹಳ್ಳದ ಸೇತುವೆಯ ತಿರುವಿನಲ್ಲಿ ಅವನ ಲಾರಿ ಉರುಳಿತು. ಪಕ್ಕದಲ್ಲಿ ಸಾಹುಕಾರರಿದ್ದರು. ದವಾಖಾನೆ ಮುಟ್ಟುವುದರೊಳಗೆ ಅವರ ಪ್ರಾಣ ಹೋಯಿತು. ಹುಸೇನಸಾಬನ ಹೆಗಲ ಎಲುಬು ಮುರಿದು ಜೀವ ಉಳಿಯಿತು.

ಗಾಡಿಯನ್ನು ಪೂರ್ತಿ ಬಿಚ್ಚಿ ನೋಡಿದವನು ನಾನೇ. ಬ್ರೇಕು ಸರಿಯಿತ್ತು, ಸ್ಟೇರಿಂಗು ಸರಿಯಿತ್ತು. ಹಾಗಾದರೆ ಯಾಕೆ ಉರುಳಿತು? ಹುಸೇನಸಾಬನನ್ನು ಕೇಳಿದರೆ "ತಿರುವಿನ್ಯಾಗ ಜೋರಿತ್ತು" ಎನ್ನುತ್ತಿದ್ದ, ಅಷ್ಟೇ. ಪೊಲೀಸರು ಕೇಳಿದರೂ ಅದೇ ಮಾತು, ಕೋರ್ಟಿನಲ್ಲೂ ಅದೇ ಮಾತು. ಕೋರ್ಟಿನ ಕೇಸು ಹೇಗೋ ಮುಗಿಯಿತು, ಊರಿನ ಕೇಸು ಮುಗಿಯಲಿಲ್ಲ. ಯಜಮಾನನನ್ನು ಕೊಂದ ಡ್ರೈವರ್ ಎಂದು ಅವನ ಬೆನ್ನ ಹಿಂದೆ ಅಲ್ಲ, ಎದುರಿಗೇ ಆಡಿದರು. ಚಹಾದಂಗಡಿಗೆ ಅವನು ಬಂದರೆ ಬೆಂಚು ಖಾಲಿಯಾಗುತ್ತಿತ್ತು. ಅವನು ಮೀಸೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟ, ಸ್ಟೇರಿಂಗ್ ಹಿಡಿಯುವುದನ್ನೂ ಬಿಟ್ಟ.

ದಿನಕರ್ಮ ಮುಗಿದ ಮೇಲೆ ಸಾಹುಕಾರರ ಹೆಂಡತಿ ಗಿರಿಜವ್ವ, ನಮಗೆಲ್ಲ ಅವ್ವಾರು, ಬಂದು ವರ್ಕ್‌ಶಾಪಿನ ಕುರ್ಚಿಯಲ್ಲಿ ಕೂತರು. ಭಾವಂದಿರು ಬಂದು, ಹೆಣ್ಣುಮಗಳಿಗೆ ಈ ಎಣ್ಣೆ ಹೊಲಸಿನ ಜಾಗ ಯಾಕೆ, ಮಾರಿಬಿಡು ಎಂದರು. "ನಿಮ್ಮ ಅಂಗಿಗಿ ಹೊಲಸ ಹತ್ತೂದ್ರೊಳಗ ಹೊರಗ ಹೋಗ್ರಿ" ಎಂದರು ಗಿರಿಜವ್ವ. ಅವರ ಬಾಯಿಯ ಪರಿಚಯ ನಮಗೆಲ್ಲ ಅವತ್ತೇ ಆಯಿತು. ಆ ಮೊದಲ ವಾರವೇ, ಹುಸೇನಸಾಬನನ್ನು ಕೆಲಸದಿಂದ ತೆಗೆಯಿರಿ ಎಂದು ಹೇಳಲು ಊರಿನ ಹಿರಿಯರೊಬ್ಬರು ಬಂದಿದ್ದರು. ಅವರಿಗೆ ಅವ್ವಾರು ಚಹಾ ಕುಡಿಸಿ, "ಗಂಡ ಸತ್ತಿದ್ದು ನಂದು, ಸಿಟ್ಟು ನಿಮಗ ಯಾಕ್ರಿ?" ಎಂದು ಕೇಳಿ ಕಳಿಸಿದರು. ಹುಸೇನಸಾಬನನ್ನು ಪಾನಾ, ಜಾಕು, ಬೇರಿಂಗುಗಳ ಸ್ಟೋರು ನೋಡಿಕೊಳ್ಳಲು ಹಾಕಿದರು.

ಹೊಸದಾಗಿ ಕೆಲಸಕ್ಕೆ ಸೇರುವವರು ಮೇಲಿನವರ ಬಾಯಿಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಬಾಯಿ ಬಿಟ್ಟು ಬಯ್ಯುವವರೊಡನೆ ಕೆಲಸ ಹಗುರ, ಏನಿದೆಯೋ ಅದು ಅಲ್ಲಿಗೇ ಮುಗಿಯುತ್ತದೆ. ಒಮ್ಮೆ ಪೇಟೆಯಿಂದ ಬಂದ ಏಜೆಂಟನೊಬ್ಬ ನಕಲಿ ಬ್ರೇಕ್ ಲೈನರುಗಳನ್ನು ಅಸಲಿಯೆಂದು ಮಾರಲು ನೋಡಿದ. ಅವ್ವಾರು ಅವನ್ನು ಕೈಯಲ್ಲಿ ತಿರುವಿ ನೋಡಿ, "ಮೊದಲ ನಿನ್ನ ಸ್ಕೂಟರಿಗಿ ಹಾಕ್ಸು. ಹೆಂಡತಿ ಮಕ್ಕಳನ್ನ ಕುಂದರಿಸ್ಕೊಂಡು ಬಾಗಲಕೋಟಿ ತನಕ ಹೋಗಿ ಬಾ. ಆಮ್ಯಾಲ ನಾ ತಗೋತೇನಿ" ಎಂದರು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನನ್ನನ್ನೂ ಬಿಟ್ಟಿಲ್ಲ. ಗೇರ್ ಬಾಕ್ಸ್ ಕಟ್ಟಿ ಮುಗಿಸಿದ ಮೇಲೆ ಒಂದು ವಾಶರು ಕೆಳಗೆ ಉಳಿದದ್ದನ್ನು ಕಂಡು, "ಮಲ್ಲಪ್ಪ, ನಿನಗ ತಲಿ ಐತಿ. ಆದ್ರ ನೀ ಗಾಡಿ ತೆಳಗ ಹೋದಾಗ ಅದು ಹೊರಗ ಉಳೀತೈತಿ" ಎಂದಿದ್ದರು.

ಕೆಲಸದ ರೀತಿಯನ್ನೂ ಅವರು ಬದಲಿಸಿದರು. ನಮ್ಮ ಕಡೆ ಸೋಮವಾರ ಎತ್ತುಗಳಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಅವ್ವಾರು ಲಾರಿಗಳಿಗೂ ಅದನ್ನೇ ಹಚ್ಚಿದರು. ಸೋಮವಾರ ಗಾಡಿ ರಸ್ತೆಗೆ ಇಳಿಯಬಾರದು. ತೊಳೆದು, ಗಾಲಿ ಬಿಚ್ಚಿ, ಎಲ್ಲವನ್ನೂ ನೋಡಿ, ವಿಭೂತಿ ಹಚ್ಚಿ ನಿಲ್ಲಿಸಬೇಕು. ಉಳಿದ ಲಾರಿ ಮಾಲೀಕರು ನಕ್ಕರು. ಆದರೆ ನಮ್ಮ ಗಾಡಿಗಳು ನಡುರಸ್ತೆಯಲ್ಲಿ ನಿಲ್ಲುವುದು ಕಡಿಮೆಯಾಯಿತು. ಬಸವಣ್ಣನೋ ಬಿಚ್ಚಿ ನೋಡಿದ್ದೋ, ಕಾರಣ ಯಾವುದೆಂದು ಕೇಳಿದಾಗ ಅವ್ವಾರು, "ಎರಡರಾಗ ಒಂದು ಬಿಟ್ಟು ನೋಡಾಕ ನನಗ ಧೈರ್ಯ ಇಲ್ಲ" ಎಂದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇರಬೇಕು, ದೊಡ್ಡ ಪಟ್ಟಣದ ಕಾರು ಹುಚ್ಚಿನವರು ಇಬ್ಬರು ವರ್ಕ್‌ಶಾಪಿಗೆ ಬಂದರು. ಬಾಗಲಕೋಟೆಯಿಂದ ಹೊರಟು ಕೆರೂರು, ಕುಳಗೇರಿ ಕ್ರಾಸ್, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ ದಾಟಿ ಇಳಕಲ್ಲಿನಲ್ಲಿ ಮುಗಿಯುವ ಒಂದು ದಿನದ ಮೋಟಾರು ಸ್ಪರ್ಧೆ ಇಟ್ಟಿದ್ದೇವೆ, ಕೆಟ್ಟು ನಿಂತ ಕಾರುಗಳನ್ನು ಎಳೆಯಲು ಒಂದು ಲಾರಿ ಬೇಕು ಎಂದರು.

"ಯಾರು ಮೊದಲ ಮುಟ್ತಾರ ಅವ್ರು ಗೆದ್ದಂಗ?" ಎಂದು ಕೇಳಿದರು ಅವ್ವಾರು.

"ಇಲ್ಲಮ್ಮ," ಎಂದ ಬಂದವರಲ್ಲಿ ಒಬ್ಬ. ಅವನದು ಬೆಂಗಳೂರಿನ ಮಾತು. "ಇದು ಜನ, ದನ ಓಡಾಡೋ ರಸ್ತೆ. ಒಂದೊಂದು ಭಾಗಕ್ಕೂ ಇಷ್ಟು ಹೊತ್ತು ಅಂತ ನಾವೇ ಗೊತ್ತು ಮಾಡಿರ್ತೀವಿ. ತಡವಾಗಿ ಬಂದ್ರೆ ದಂಡ. ಬೇಗ ಬಂದ್ರೆ ಇನ್ನೂ ಜಾಸ್ತಿ ದಂಡ."

"ಜಲ್ದಿ ಬಂದ್ರ ದಂಡ?"

"ಹೌದಮ್ಮ."

ಅವ್ವಾರು ಸುಮ್ಮನಾದರು. ಅವರು ಸುಮ್ಮನಾಗುವುದು ಅಪರೂಪವಾದ್ದರಿಂದ ನಾನು ಗಾಡಿಯ ಕೆಳಗಿನಿಂದ ಹೊರಗೆ ಬಂದು ನೋಡಿದೆ. ಅವರು ಹೊರಗಿನ ರಸ್ತೆ ನೋಡುತ್ತಿದ್ದರು. ಆಮೇಲೆ, "ಲಾರಿ ಕೊಡೂಣು. ನಮ್ಮದೂ ಒಂದು ಗಾಡಿ ಬರ್ಕೋರಿ" ಎಂದರು.

ನಮ್ಮಲ್ಲಿ ಸ್ಪರ್ಧೆಗೆ ಹೋಗುವಂಥದ್ದು ಏನಿತ್ತು? ಕ್ವಾರಿಯಲ್ಲಿ ಕಲ್ಲುಪುಡಿ ತಿಂದು ಹಳೆಯದಾದ ಒಂದು ಜೀಪು. ನಾವು ಅದನ್ನು ಮುದುಕಿ ಎಂದೇ ಕರೆಯುತ್ತಿದ್ದೆವು. ಡ್ರೈವರ್ ಯಾರೆಂದು ಬರೆಯಲಿ ಎಂದು ಆತ ಕೇಳಿದ. ಅವ್ವಾರು ಸ್ಟೋರಿನ ಕಡೆ ತಿರುಗದೆಯೇ, "ಹುಸೇನಸಾಬ" ಎಂದರು.

ಸ್ಟೋರಿನೊಳಗೆ ಏನೋ ಕೈಜಾರಿ ಬಿದ್ದ ಸದ್ದಾಯಿತು. ಹುಸೇನಸಾಬ ಹೊರಗೆ ಬಂದು, "ಅವ್ವಾರ, ನಾ ಇನ್ನ ಸ್ಟೇರಿಂಗ ಮುಟ್ಟಂಗಿಲ್ರಿ" ಎಂದ.

"ಮುಟ್ಟಬ್ಯಾಡ, ಗಟ್ಟಿಯಾಗಿ ಹಿಡಿ."

"ಮಂದಿ ಏನಂತಾರ್ರಿ?"

"ಈಗ ಏನು ಕಡಿಮಿ ಅಂತಾರ? ನೀ ಆ ಸೀಟಿನ್ಯಾಗ ಕುಂದ್ರೂ ತನಕ ಅವ್ರ ಬಾಯಿ ಮುಚ್ಚಂಗಿಲ್ಲ, ನಿನ್ನ ತಲಿ ಮ್ಯಾಲ ಆಗಂಗಿಲ್ಲ. ಮಲ್ಲಪ್ಪ ನಿನ್ನ ಬಾಜೂಕ ಕುಂದರ್ತಾನ."

ನನ್ನನ್ನು ಯಾರೂ ಕೇಳಲಿಲ್ಲ. ಸಮಯ ನೋಡುವುದು, ಹಾದಿ ಹೇಳುವುದು, ಕೆಟ್ಟರೆ ರಿಪೇರಿ ಮಾಡುವುದು, ಮೂರೂ ನನ್ನ ಪಾಲಿಗೆ ಬಂದವು. ಅಭ್ಯಾಸ ಸುರುವಾಯಿತು. ಹುಸೇನಸಾಬನ ಕೈ ಏನೂ ಮರೆತಿರಲಿಲ್ಲ. ಆದರೆ ಹುನಗುಂದದ ಈಚಿನ ಆ ಹಳ್ಳದ ಸೇತುವೆ ಕಂಡ ಕೂಡಲೇ ಅವನು ಜೀಪನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ನನ್ನ ಕಡೆ ಬಂದು ಕೂಡುತ್ತಿದ್ದ. ಸೇತುವೆಯನ್ನು ನಾನು ದಾಟಿಸಬೇಕು. ಪ್ರತಿ ಸಲವೂ ಹೀಗೇ. ಸ್ಪರ್ಧೆಯಲ್ಲಿ ನಡುವೆ ಡ್ರೈವರ್ ಬದಲಾಗುವಂತಿರಲಿಲ್ಲ. ಅದನ್ನು ಅವ್ವಾರಿಗೆ ಹೇಳಿದೆ. "ಅವತ್ತು ನೋಡೂಣು" ಎಂದರು.

ಸ್ಪರ್ಧೆ ಬಂದದ್ದು ಸೋಮವಾರ. ವಾರ ಮುರಿಯಬೇಕಾಗಿ ಬಂತಲ್ಲ ಎಂಬ ಅಳುಕು ಅವ್ವಾರಿಗಿತ್ತು. ಅದನ್ನು ತೀರಿಸಲು ಬಾಗಲಕೋಟೆಯಲ್ಲಿ ಬೆಳಗ್ಗೆ ಜೀಪಿಗೆ ದೊಡ್ಡ ಪೂಜೆ ಮಾಡಿದರು. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬಾನೆಟ್ಟು, ದೀಪ, ಗಾಲಿ, ಎಲ್ಲೆಲ್ಲಿ ಮುಚ್ಚಳವಿದೆಯೋ ಅಲ್ಲೆಲ್ಲ ಮೂರು ಬೆರಳಿನಿಂದ ಬಳಿದರು. ಸುತ್ತ ನಿಂತ ಕಾರುಗಳೆಲ್ಲ ಪಳಪಳ ಹೊಳೆಯುತ್ತಿದ್ದವು. ತಲೆಗೆ ಹೆಲ್ಮೆಟ್ಟು ಹಾಕಿದ ಹುಡುಗನೊಬ್ಬ ನಮ್ಮ ಮುದುಕಿಯನ್ನು ನೋಡಿ ತನ್ನ ಗೆಳೆಯನಿಗೆ ಏನೋ ಹೇಳಿ ನಕ್ಕ. ಅವ್ವಾರು ಅವನ ಹತ್ತಿರ ಹೋಗಿ, "ನಿಮ್ಮ ಗಾಡಿ ಬಣ್ಣ ಭಾಳ ಚಂದ ಐತ್ರಿ. ಐಹೊಳಿ ದಾಟಿದ ಮ್ಯಾಲೂ ಹಿಂಗ ನಗಕೋತ ಬರ್ರಿ" ಎಂದು ಅವನ ಹಣೆಗೂ ವಿಭೂತಿ ಹಚ್ಚಿದರು. ಹುಡುಗ ನಾಚಿ ಕೈ ಮುಗಿದ. ಆಮೇಲೆ ಅವ್ವಾರು ನೇರ ದಾರಿ ಹಿಡಿದು ಅಮೀನಗಡಕ್ಕೆ ಹೋದರು, ನಾವು ಕೆರೂರಿನ ಕಡೆ ಹೊರಟೆವು.

ನನ್ನ ತೊಡೆಯ ಮೇಲೆ ಗಡಿಯಾರ, ಕೈಯಲ್ಲಿ ಹಾದಿಯ ಚೀಟಿ. ಕುಳಗೇರಿ ಕ್ರಾಸಿನತನಕ ನಮ್ಮನ್ನು ಹಿಂದೆ ಹಾಕಿದ ಕಾರುಗಳನ್ನು ನೋಡುತ್ತ ನನಗೆ ಹೊಟ್ಟೆ ಉರಿಯುತ್ತಿತ್ತು. ಹುಸೇನಸಾಬ ಮಾತ್ರ ಪ್ಯಾಸೆಂಜರ್ ಬಸ್ಸು ಹೊಡೆಯುವವನಂತೆ ಒಂದೇ ಹದದಲ್ಲಿ ಓಡಿಸಿದ. ಬಾದಾಮಿ ಮುಟ್ಟಿದಾಗ ಗೊತ್ತಾಯಿತು, ನಡುವೆ ಗುಪ್ತವಾಗಿ ಕೂತು ಸಮಯ ಬರೆದುಕೊಳ್ಳುವವರು ಇದ್ದರಂತೆ. ಹಿಂದೆ ಹಾಕಿದವರಲ್ಲಿ ಬಹಳ ಮಂದಿಗೆ ಆಗಲೇ ದಂಡ ಬಿದ್ದಿತ್ತು.

ಪಟ್ಟದಕಲ್ಲು ದಾಟಿದ ಮೇಲೆ ಎರೆಭೂಮಿಯ ಹಾದಿ. ಹಿಂದಿನ ದಿನ ಮಳೆಯಾಗಿತ್ತು. ಒದ್ದೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಕಾರುಗಳು ಅಡ್ಡಡ್ಡ ಜಾರುತ್ತಿದ್ದವು. ಮುದುಕಿಯ ನಾಲ್ಕೂ ಗಾಲಿಗೆ ಇಂಜಿನ್ನಿನ ಜೋರು ಹೋಗುತ್ತಿತ್ತು, ಹೊಟ್ಟೆ ನೆಲದಿಂದ ಎತ್ತರವಿತ್ತು. ಹುಸೇನಸಾಬ ಅಂಚಿನ ಹುಲ್ಲು ಹಿಡಿದು ದಾಟಿಸಿದ. ಹೆಲ್ಮೆಟ್ಟಿನ ಹುಡುಗರ ಕಾರು ತಗ್ಗಿಗೆ ಇಳಿದಿತ್ತು. ನಮ್ಮನ್ನು ನೋಡಿ ಅವರು ಮತ್ತೆ ನಕ್ಕರು, ಈ ಸಲ ಅದರಲ್ಲಿ ಕುಚೋದ್ಯ ಇರಲಿಲ್ಲ.

ಐಹೊಳೆ ಬಿಟ್ಟು ಸ್ವಲ್ಪ ದೂರ ಬಂದಿರಬೇಕು, ಇಂಜಿನ್ನು ಮುಕ್ಕರಿಸಿ ನಿಂತುಬಿಟ್ಟಿತು. ಪ್ಲಗ್ಗು ನೋಡಿದೆ, ಸರಿಯಿತ್ತು. ಕಾರ್ಬೊರೇಟರು ಸರಿಯಿತ್ತು. ಎಣ್ಣೆ ಇದೆಯೋ ಎಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿದೆ. ಬೇಕಾದಷ್ಟಿತ್ತು. ಮುಚ್ಚಳ ಹಾಕಿ ಚಾಲೂ ಮಾಡಿದರೆ ಏನೂ ಆಗದಂತೆ ಹೊರಟಿತು. ಇನ್ನಷ್ಟು ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಎಲ್ಲ ನೋಡಿದೆ, ಮತ್ತೆ ಕಡ್ಡಿ ಇಳಿಸಿದೆ, ಮತ್ತೆ ಹೊರಟಿತು. ಗಡಿಯಾರ ಓಡುತ್ತಿತ್ತು. ಖರೆ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಸ್ಪರ್ಧೆ ನನ್ನ ತಲೆಯಿಂದ ಹೋಗಿ, ಈ ಗಾಡಿ ಏನು ಆಟ ಆಡುತ್ತಿದೆ ಎಂಬುದೊಂದೇ ಉಳಿದಿತ್ತು.

ಮೂರನೆಯ ಸಲ ನಿಂತದ್ದು ಅಮೀನಗಡದ ತಪಾಸಣೆಯ ಬಾವುಟ ಕಾಣುವ ಜಾಗದಲ್ಲಿ. ಬಾವುಟದ ಹತ್ತಿರ ನಿಂತಿದ್ದ ಅವ್ವಾರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಗ ಬೇಗ ನಡೆದು ಬಂದರು. ಹೊರಗಿನವರು ಗಾಡಿ ಮುಟ್ಟಬಾರದೆಂದು ಅಧಿಕಾರಿಯೊಬ್ಬ ಅವರ ಹಿಂದೆಯೇ ಬಂದ. ಅವ್ವಾರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಾನು ಟ್ಯಾಂಕಿನ ಮುಚ್ಚಳ ತಿರುವಿದೆ. ಉಸ್ ಎಂದು ಒಳಗೆ ಗಾಳಿ ಎಳೆದುಕೊಂಡ ಸದ್ದು, ಈ ಸಲ ಕೇಳಿಸಿತು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ಕಟ್ಟಿದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲು ಹೊರಗೆ ಬರುವುದಿಲ್ಲ. ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ತೂತಿನ ತುಂಬ ವಿಭೂತಿ, ಬೆಳಗ್ಗೆ ಹಸಿಯಾಗಿದ್ದದ್ದು ಬಿಸಿಲಿಗೆ ಒಣಗಿ ಸುಣ್ಣದಂತೆ ಗಟ್ಟಿಯಾಗಿತ್ತು.

ನಾನು ಅವ್ವಾರ ಮುಖ ನೋಡಿದೆ.

"ನನ್ನ ಮಾರಿ ಏನ ನೋಡ್ತಿ? ಸೂಜಿ ಹಾಕಿ ತಗಿ" ಎಂದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಬರ್ಕೋರಿ ಸಾಹೇಬ್ರ. ಗಾಡಿದೂ ತಪ್ಪಿಲ್ಲ, ಡ್ರೈವರಂದೂ ತಪ್ಪಿಲ್ಲ. ಉಸರು ಕಟ್ಟಿಸಿದಾಕಿ ನಾನ" ಎಂದರು. ಅಂಥದ್ದನ್ನು ಬರೆದುಕೊಳ್ಳುವ ಕಾಲಂ ಅವನ ಹತ್ತಿರ ಇರಲಿಲ್ಲ. ತಡವಾದದ್ದಕ್ಕೆ ದಂಡ ಹಾಕಿ ಬಿಟ್ಟ.

ಅಲ್ಲಿಂದ ಹೊಸ ಲೆಕ್ಕ. ಹಿಂದಿನ ಭಾಗದಲ್ಲಿ ಕಳೆದದ್ದನ್ನು ಮುಂದಿನದರಲ್ಲಿ ಹಿಡಿಯುವಂತಿಲ್ಲ, ಬೇಗ ಹೋದರೆ ಮತ್ತೆ ದಂಡವೇ. ಇದು ನನಗೆ ಗೊತ್ತಿತ್ತು. ಆದರೂ ತಡವಾಯಿತೆಂದರೆ ಓಡಬೇಕು ಎನ್ನುವುದು ಎಲ್ಲರ ಮೈಯಲ್ಲಿ ಇರುವ ಗುಣ. ಹುನಗುಂದ ದಾಟುವುದರೊಳಗೆ ನನ್ನ ಕಾಲು ತಾನಾಗಿ ನೆಲ ಒತ್ತತೊಡಗಿತು. ಹಳ್ಳದ ತಿರುವು ದೂರದಲ್ಲಿ ಕಂಡಿತು. ಅಭ್ಯಾಸದಲ್ಲಿ ಜೀಪು ನಿಲ್ಲಿಸುತ್ತಿದ್ದ ಅಂಚಿನ ಕಡೆ ಹುಸೇನಸಾಬನ ಕಣ್ಣು ಹೊರಳಿತು. ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂಬ ಹೆದರಿಕೆಗೆ ನಾನು, "ಹುಸೇನಣ್ಣ, ಓಡಸು. ಜಲ್ದಿ ದಾಟಿಬಿಡು" ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. "ಹಿಂಗ ಅಂದಿದ್ರೋ ಮಲ್ಲಪ್ಪ, ಸಾಹುಕಾರ್ರೂ" ಎಂದ. "ಇದ ಜಾಗಾದಾಗ. ಥೋಡೆ ಸಾವಕಾಶ ಹೋಗೂಣ್ರಿ ಅಂದ್ನಿ. ಕೇಳ್ಲಿಲ್ಲ. ಉಂಡ ಅನ್ನದ ಋಣ, ನಾನೂ ಒತ್ತಿದ್ನಿ" ಎಂದ.

ಇಷ್ಟು ವರ್ಷ ಬಿಚ್ಚಿ ಬಿಚ್ಚಿ ನೋಡಿದರೂ ಸಿಗದಿದ್ದ ಕಾರಣ ನನ್ನ ಪಕ್ಕದಲ್ಲಿತ್ತು. ನಾನು ಬಾಯಿ ಮುಚ್ಚಿದೆ. ಅವನು ಗೇರು ಇಳಿಸಿದ. ಚೀಟಿಯಲ್ಲಿ ಬರೆದಷ್ಟೇ ವೇಗದಲ್ಲಿ, ಒಂದು ಎಳೆಯೂ ಹೆಚ್ಚಿಲ್ಲದಂತೆ, ತಿರುವು ತೆಗೆದುಕೊಂಡು ಸೇತುವೆ ದಾಟಿದ. ಆಚೆ ಬೇವಿನ ಮರದ ಹಿಂದಿನಿಂದ ಒಬ್ಬ ಬಾವುಟ ಹಿಡಿದು ಹೊರಗೆ ಬಂದ. ಅಲ್ಲಿ ಗುಪ್ತ ತಪಾಸಣೆ ಇತ್ತು. ನಾವು ಸರಿಯಾದ ಹೊತ್ತಿಗೆ ಬಂದಿದ್ದೆವು. ಇಳಕಲ್ಲು ಮುಟ್ಟುವುದರೊಳಗೆ ಹುಸೇನಸಾಬ ಎರಡು ಸಲ ಕಣ್ಣನ್ನು ತೋಳಿನಿಂದ ಒರೆಸಿಕೊಂಡ.

ಇಳಕಲ್ಲಿನ ಶಾಲೆಯ ಮೈದಾನದಲ್ಲಿ ಊರಿಗೆ ಊರೇ ಸೇರಿತ್ತು. ಫಲಿತಾಂಶ ಹೇಳುವಾಗ ನಮ್ಮ ಹೆಸರು ಮೊದಲು ಬಂದದ್ದನ್ನು ನಾನು ನಂಬಲಿಲ್ಲ. ಲೆಕ್ಕ ಬಿಡಿಸಿ ಹೇಳಿರೆಂದು ಹೋಗಿ ಕೇಳಿದೆ, ರೋಗ ಹಾಗಿತ್ತಲ್ಲ. ಕೆಲವರು ಎರೆಮಣ್ಣಿನಲ್ಲಿ ತಡವಾದರು, ತಡವಾದವರು ಅದನ್ನು ಹಿಡಿಯಲೆಂದು ಓಡಿ, ಬೇವಿನ ಮರದ ಹತ್ತಿರ ಬೇಗ ಬಂದು ಸಿಕ್ಕಿಬಿದ್ದರು. ನಮಗೆ ಅಮೀನಗಡದ ದಂಡ ಒಂದೇ. ಹೆಲ್ಮೆಟ್ಟಿನ ಹುಡುಗರು ಬಂದು ಮುದುಕಿಯ ಬಾನೆಟ್ಟು ತಟ್ಟಿ ಹೋದರು.

ಬಹುಮಾನದ ಬಟ್ಟಲನ್ನು ಮಾಲೀಕರ ಕೈಗೆ ಕೊಟ್ಟರು. ಎರಡು ಮಾತಾಡಿ ಎಂದು ಮೈಕನ್ನೂ ಕೊಟ್ಟರು. ಅವ್ವಾರು ಹುಸೇನಸಾಬನನ್ನು ಮೇಲಕ್ಕೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಗುಂಪಿನಲ್ಲಿ ಗುಜುಗುಜು ಎದ್ದಿತು. ಅವರು ಅದು ನಿಲ್ಲುವತನಕ ಕಾದರು.

"ಇಂವಗ ನೀವು ಏನೇನ ಅಂದ್ರಿ, ನಾ ಎಲ್ಲಾ ಕೇಳೀನಿ," ಎಂದರು. "ಅವತ್ತು ಆ ಹಳ್ಳದಾಗ ಜಲ್ದಿ ಹೊಡಿ ಅಂದವ್ರು ನಮ್ಮ ಯಜಮಾನ್ರು. ಇಂವ ಬ್ಯಾಡ್ರಿ ಅಂದಾನ. ಸತ್ತವ್ರ ಹೆಸರಿಗಿ ಮಣ್ಣು ಹತ್ತಬಾರದಂತ ಇಂವ ಬಾಯಿ ಬಿಡ್ಲಿಲ್ಲ. ಇಷ್ಟ ಜೋರ ಬಾಯಿದಾಕಿ, ನಾನೂ ಬಿಡ್ಲಿಲ್ಲ. ಇವತ್ತು ಬಿಟ್ಟೇನಿ. ಇನ್ನ ಈ ಮನಶ್ಯಾನ ಮ್ಯಾಲ ಯಾರಿಗಿ ಏನ ಹೇಳೂದೈತಿ, ನನ್ನ ಮುಂದ ಬಂದು ಹೇಳ್ರಿ."

ಮೈದಾನದಲ್ಲಿ ಚಪ್ಪಾಳೆ ಬೀಳಲಿಲ್ಲ. ಅವ್ವಾರು ಬಟ್ಟಲನ್ನು ಹುಸೇನಸಾಬನ ಕೈಗೆ ಕೊಟ್ಟು ಕೆಳಗೆ ಇಳಿದರು. ಅವನು ಅದನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತಿದ್ದ. ಚಹಾದಂಗಡಿಯವನೇ ಮೊದಲು ಎದ್ದು ಹೋಗಿ ಅವನ ಕೈ ಹಿಡಿದ. ಮರುದಿನದಿಂದ ಹುಸೇನಸಾಬ ಲಾರಿ ಹೊಡೆದ, ಮೀಸೆಗೆ ಎಣ್ಣೆ ಹಚ್ಚಿದ, ತನ್ನನ್ನು ತಾನು ಹೊಗಳಿಕೊಳ್ಳುವುದನ್ನೂ ಸುರು ಮಾಡಿದ. ಅದನ್ನು ಸಹಿಸುವುದು ನನ್ನ ಕೆಲಸವಾಯಿತು.

ನನಗೆ ಬೇರೊಂದು ಹುಳ ಹೊಕ್ಕಿತ್ತು. ಹುಸೇನಸಾಬ ಆ ಮಾತನ್ನು ನನ್ನೊಬ್ಬನಿಗೇ ಹೇಳಿದ್ದು, ಅದೂ ಅದೇ ದಿನ. ನಾನು ಯಾರಿಗೂ ಹೇಳಿರಲಿಲ್ಲ. ಅವನನ್ನು ಕೇಳಿದರೆ, ಅಲ್ಲಾನ ಆಣೆ ನಾನೂ ಅವ್ವಾರಿಗೆ ಹೇಳಿಲ್ಲ ಎಂದ. ಹಾಗಾದರೆ ಅವ್ವಾರಿಗೆ ಹೇಳಿದವರು ಯಾರು? ವರ್ಷಗಟ್ಟಲೆ ಇದು ನನ್ನನ್ನು ಕೊರೆಯಿತು. ಅವರಿಗೆ ವಯಸ್ಸಾಗಿ ವರ್ಕ್‌ಶಾಪಿಗೆ ಬರುವುದು ಕಡಿಮೆಯಾದ ಮೇಲೆ, ಒಂದು ಸೋಮವಾರ ಅವರ ಮನೆಯ ಕಟ್ಟೆಯ ಮೇಲೆ ಕೂತು ಕೇಳಿಯೇಬಿಟ್ಟೆ.

ಅವ್ವಾರು ನಕ್ಕರು. "ಯಾರ ಹೇಳ್ಬೇಕೋ ಖೋಡಿ? ಆ ಮನಶ್ಯಾನ ಕೂಡ ಸಂಸಾರ ಮಾಡೀನಿ. ಬಾಜೂಕ ಕುಂತು ಸುಮ್ಮ ಇರೂ ಪೈಕಿ ಅಲ್ಲ ಆತ. ಹುಸೇನಸಾಬ ಬ್ಯಾಡ್ರಿ ಅನ್ನದ ಇರಾಂವನೂ ಅಲ್ಲ."

"ಹಂಗಾರ ಅಷ್ಟು ದಿನಾ ಯಾಕ ಹೇಳ್ಲಿಲ್ರಿ?"

"ಯಾರ ಮುಂದ ಹೇಳ್ಲಿ?" ಎಂದರು. "ನನ್ನ ಗಂಡ ಗಡಿಬಿಡಿ ಮಾಡಿ ಸತ್ತ ಅಂದ್ರ, ಅದೇನು ತಪ್ಪು ಅಂತಿತ್ತು ಊರು. ಜಲ್ದಿ ಮಾಡೂದಕ್ಕ ದಂಡ ಹಾಕೂ ಮಂದೀನ ನಾ ಆ ಸ್ಪರ್ಧೆದವ್ರು ಬಂದಾಗ ಮೊದಲ ಸಲ ನೋಡಿದ್ನಿ."

ಅದಾದ ಮೇಲೆ ಈ ವಿಷಯದಲ್ಲಿ ಬಿಚ್ಚಿ ನೋಡುವುದಕ್ಕೆ ನನಗೆ ಏನೂ ಉಳಿಯಲಿಲ್ಲ.